ಹೆಬ್ಬೆರಳಿಗೆ ಮೂವತ್ತು, ಕಿರುಬೆರಳಿಗೆ ಏಳು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಯಾವುದಾದರೊಂದು ದಾಲ್ ಮಿಲ್ಲಿನ ಗೇಟಿನ ಮುಂದೆ ನಿಂತು ನಿಮ್ಮ ಬಲಗೈ ಬಿಡಿಸಿ ನೋಡಿಕೊಳ್ಳಿ. ಐದು ಬೆರಳು. ಐದಕ್ಕೂ ದರ ಕಟ್ಟಿ ಇಟ್ಟಿದ್ದಾರೆ! ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 30. ತೋರುಬೆರಳಿಗೆ 14. ನಡುಬೆರಳಿಗೆ 12. ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ಇಷ್ಟಕ್ಕೇ ಮುಗಿಯಲಿಲ್ಲ, ಗೆಣ್ಣುಗೆಣ್ಣಿಗೂ ಲೆಕ್ಕವಿದೆ: ತೋರುಬೆರಳಿನ ಎರಡು ಗೆಣ್ಣು ಹೋದರೆ 11, ಒಂದೇ ಗೆಣ್ಣಾದರೆ 9, ಎಲುಬು ಉಳಿದು ತುದಿಯಷ್ಟೇ ಕತ್ತರಿಸಿ ಹೋದರೆ 5. ಕಿರುಬೆರಳಿನ ತುದಿಗೆ ಬರೀ 2.

ಇದನ್ನು ಯಾವ ಸಾಹುಕಾರನೂ ತನ್ನ ಮನಸ್ಸಿಗೆ ಬಂದಂತೆ ಕಟ್ಟಿದ್ದಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅಚ್ಚಾಗಿರುವ ಅಂಕಿಗಳು ಇವು. ಬೆರಳೊಂದು ಹೋದರೆ ಮನುಷ್ಯನ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಎಂಬುದರ ಅಳತೆ. 1924ರ ಜುಲೈ 1ರಂದು ಆ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದಾಗ ನಮ್ಮ ಕಲಬುರಗಿ ನಿಜಾಮನ ಸೀಮೆಯಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದರೆ ಬೆರಳಿನ ಲೆಕ್ಕ ಹಾಕುವ ಪದ್ಧತಿ ಬದಲಾಗಿಲ್ಲ.

ಕಪನೂರಿನಲ್ಲಿ ನಿಂತು ಇದನ್ನು ಓದಬೇಕು ಎಂದದ್ದಕ್ಕೆ ಕಾರಣವಿದೆ. ತೊಗರಿ ಬೇಳೆಯಾಗುವ ದಾರಿಯುದ್ದಕ್ಕೂ ಬೆರಳುಗಳು ತಿರುಗುವ ಯಂತ್ರಗಳ ಪಕ್ಕದಲ್ಲೇ ಇರುತ್ತವೆ. ಕಾಳು ಮೊದಲು ಜರಡಿಗೆ, ಅಲ್ಲಿಂದ ಸಿಪ್ಪೆ ಗೀರುವ ಒರಟು ಕಲ್ಲಿನ ರೋಲರಿಗೆ. ಆಮೇಲೆ ಎಣ್ಣೆ ಸವರಿಸಿಕೊಂಡು ಅಂಗಳದ ಬಿಸಿಲಿಗೆ, ನೀರು ಚಿಮುಕಿಸಿಕೊಂಡು ಮತ್ತೆ ರೋಲರಿಗೆ. ನಡುವೆ ಕಾಳನ್ನು ಮೇಲೆತ್ತುವ ಎಲಿವೇಟರು, ಅದನ್ನು ತಿರುಗಿಸುವ ಬೆಲ್ಟು. ಬೆಲ್ಟು ಜಾರಿತೆಂದು ಮೋಟಾರು ನಿಲ್ಲಿಸದೆ ಕೈಹಾಕುವ ಆ ಅರೆಗಳಿಗೆ ಇದೆಯಲ್ಲ, ಈ ಪಟ್ಟಿ ಹುಟ್ಟಿದ್ದೇ ಅಂಥ ಅರೆಗಳಿಗೆಗಾಗಿ.

ಈಗ ಉಸಿರು ಬಿಗಿಹಿಡಿದುಕೊಳ್ಳಿ. ಸಾವಿರದ ನಾನೂರು ವರ್ಷ ಹಿಂದಕ್ಕೆ, ಸಮುದ್ರದಾಚೆಗೆ ಹೋಗೋಣ. ಇಂಗ್ಲೆಂಡಿನ ಕೆಂಟ್ ಎಂಬ ಪುಟ್ಟ ರಾಜ್ಯದಲ್ಲಿ, ಕ್ರಿ.ಶ. 600ರ ಆಸುಪಾಸು, ಏಥಲ್‌ಬರ್ಟ್ ಎಂಬ ರಾಜ ಒಂದು ಕಾನೂನು ಬರೆಸಿದ. ಇಂಗ್ಲಿಷ್ ಭಾಷೆಯಲ್ಲಿ ಬರೆದ ಮೊತ್ತಮೊದಲ ಕಾನೂನು ಅದೇ. ಅದರಲ್ಲಿ ಏನಿದೆ? ಬೆರಳುಗಳ ದರಪಟ್ಟಿ! ಯಾರದಾದರೂ ಹೆಬ್ಬೆರಳು ಕತ್ತರಿಸಿದರೆ 20 ಶಿಲ್ಲಿಂಗ್ ಕೊಡಬೇಕು. ಬಿಲ್ಲಿನ ಹೆದೆ ಎಳೆಯುವ ತೋರುಬೆರಳಿಗೆ ಎಂಟೊಂಬತ್ತು. ನಡುಬೆರಳಿಗೆ 4, ಉಂಗುರದ ಬೆರಳಿಗೆ 6. ಹೆಬ್ಬೆರಳಿನ ಉಗುರಿಗೂ 3 ಶಿಲ್ಲಿಂಗ್ ಇಟ್ಟಿದ್ದಾನೆ ಪುಣ್ಯಾತ್ಮ. ಈಗ ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಡಿ. ಕೆಂಟಿನ ರಾಜನ ಲೆಕ್ಕದಲ್ಲಿ ಹೆಬ್ಬೆರಳು ತೋರುಬೆರಳಿನ ಎರಡು ಪಟ್ಟಿಗಿಂತ ತುಸು ಹೆಚ್ಚು. ನಮ್ಮ ಕಾಯ್ದೆಯಲ್ಲಿ 30 ಮತ್ತು 14, ಅಂದರೆ ಎರಡು ಪಟ್ಟಿಗಿಂತ ತುಸು ಹೆಚ್ಚು! ಕತ್ತಿ ಹಿಡಿಯುವ ಕೈಯಾಗಲಿ, ಮೂಟೆ ಹಿಡಿಯುವ ಕೈಯಾಗಲಿ, ಹೆಬ್ಬೆರಳಿಲ್ಲದ ಹಿಡಿತ ಹಿಡಿತವೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಿರುಬೆರಳಿಗೆ ಮಾತ್ರ ಕೆಂಟಿನವರು 11 ಶಿಲ್ಲಿಂಗ್ ಕೊಟ್ಟರು, ತೋರುಬೆರಳಿಗಿಂತಲೂ ಹೆಚ್ಚು. ಇಲ್ಲಿ ನಮ್ಮ ಕಾಯ್ದೆ ಅವರಿಗಿಂತ ಜಿಪುಣ.

ಇನ್ನೂ ಹಿಂದೆ ಹೋಗಿ. ಕ್ರಿ.ಪೂ. 2100ರ ಸುಮಾರಿಗೆ ಸುಮೇರ್‌ನಲ್ಲಿ ಊರ್-ನಮ್ಮು ಎಂಬ ರಾಜನ ಹೆಸರಿನ ಮಣ್ಣಿನ ಹಲಗೆಗಳು. ಕಾಲು ಕತ್ತರಿಸಿದರೆ 10 ಶೆಕಲ್ ಬೆಳ್ಳಿ, ಹಲ್ಲು ಮುರಿದರೆ 2, ಮೂಗು ಕೊಯ್ದರೆ 40. ನಾಲ್ಕು ಕಾಲಿಗೆ ಒಂದು ಮೂಗು ಸಮ! ನಮ್ಮ ಊರುಗಳಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಕುಂಟನಾಗಿ ಬದುಕಬಹುದು, ಮೂಗು ಕೊಯ್ಸಿಕೊಂಡು ನಾಲ್ಕು ಜನರ ಮುಂದೆ ಹೇಗೆ ಬದುಕುವುದು?

ಈಗ ನಮ್ಮೂರಿಗೆ ಮರಳೋಣ. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಆ ಕಾಲದ ಖಾಜಿಗಳು ಓದುತ್ತಿದ್ದ ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಇನ್ನೊಂದು ಲೆಕ್ಕವಿತ್ತು, ಅದರ ಹೆಸರು ದಿಯತ್. ಒಂದು ಜೀವಕ್ಕೆ ನೂರು ಒಂಟೆ, ಒಂದು ಕಣ್ಣಿಗೆ ಐವತ್ತು, ಒಂದು ಹಲ್ಲಿಗೆ ಐದು. ಬೆರಳಿಗೆ? ಹತ್ತು ಒಂಟೆ, ಹೆಬ್ಬೆರಳಾದರೂ ಅಷ್ಟೇ, ಕಿರುಬೆರಳಾದರೂ ಅಷ್ಟೇ. ಹತ್ತೂ ಬೆರಳು ಸಮಾನ! ಕೆಂಟಿನ ರಾಜ, ಬ್ರಿಟಿಷ್ ಸರಕಾರ ಎಲ್ಲರೂ ಬೆರಳು ಬೆರಳಿಗೆ ಭೇದ ಮಾಡಿದ ಕಡೆ ಈ ಶಾಸ್ತ್ರ ಮಾಡಲಿಲ್ಲ. ಹೆಣ್ಣಿನ ಜೀವಕ್ಕೆ ಮಾತ್ರ ಅರ್ಧ ಎಂದಿತು. ಬೆರಳಿಗೆ ಸಿಕ್ಕ ಸಮಾನತೆ ಹೆಂಗಸಿಗೆ ಸಿಗಲಿಲ್ಲ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಮಾತ್ರ ನಮ್ಮ ಜಿಲ್ಲೆಯಲ್ಲೇ ಸಿಕ್ಕ ಸಂಗತಿ. ಕಪನೂರಿನಿಂದ ಹೊರಟ ಹೆದ್ದಾರಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ದಾಟಿ ಹುಮನಾಬಾದಿಗೆ ಹೋಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ. ಅದು ಆರನೇ ವಿಕ್ರಮಾದಿತ್ಯನ ಕಲ್ಯಾಣ. 1076ರಿಂದ 1126ರವರೆಗೆ ಆಳಿದ ಆ ಚಾಲುಕ್ಯ ದೊರೆಯ ಆಸ್ಥಾನದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಹಿಂದೂ ಕುಟುಂಬಗಳ ಆಸ್ತಿ ಪಾಲಿನ ವಿಷಯದಲ್ಲಿ ಇಂದಿಗೂ ಕೋರ್ಟುಗಳಲ್ಲಿ ಆ ಹೆಸರು ಕೇಳುತ್ತದೆ. ಆತ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಅಲ್ಲಿ ಸಿಕ್ಕ ಶಾಸನದ ಆಧಾರದ ಮೇಲೆ ವಿದ್ವಾಂಸರು ಗುರುತಿಸಿದ್ದಾರೆ.

ಎಲ್ಲರೂ ಮಿತಾಕ್ಷರಾ ಅಂದರೆ ಆಸ್ತಿ ಪಾಲು ಅಂತಾರೆ. ಅದರಲ್ಲಿ ಹೊಡೆದಾಟದ ಪ್ರಕರಣವೂ ಇದೆ. ಕೈ, ಕಾಲು, ಹಲ್ಲು ಮುರಿದವನಿಗೆ, ಕಿವಿ ಮೂಗು ಕೊಯ್ದವನಿಗೆ ಮಧ್ಯಮ ಪ್ರಮಾಣದ ದಂಡ. ದಂಡ ರಾಜನ ಬೊಕ್ಕಸಕ್ಕೆ ಹೋಗುತ್ತದೆ, ಪೆಟ್ಟು ತಿಂದವನಿಗೆ ಏನು? ಸ್ಮೃತಿ ಅದಕ್ಕೂ ಉತ್ತರ ಕೊಡುತ್ತದೆ: ನೋವು ಮಾಡಿದವನು ದಂಡದ ಜೊತೆಗೆ ಗಾಯಾಳು ಎದ್ದು ನಿಲ್ಲುವವರೆಗಿನ ಖರ್ಚನ್ನೂ ಕೊಡಬೇಕು. ಆ ಖರ್ಚು ಎಂದರೆ ಏನೇನು? ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ: ಔಷಧದ್ದು, ಪಥ್ಯದ್ದು.

ಔಷಧ ಮತ್ತು ಪಥ್ಯ! ಇವತ್ತು ಕಲಬುರಗಿಯ ಮೋಟಾರು ಅಪಘಾತ ನ್ಯಾಯಮಂಡಳಿಯ ಯಾವುದಾದರೂ ಗಾಯಾಳು ಪ್ರಕರಣದ ತೀರ್ಪು ತೆಗೆದು ಕೊನೆಯ ಪುಟಗಳ ಕೋಷ್ಟಕ ನೋಡಿ. ನೋವು ಮತ್ತು ಯಾತನೆಗೆ ಇಷ್ಟು, ವೈದ್ಯಕೀಯ ವೆಚ್ಚಕ್ಕೆ ಇಷ್ಟು. ಅದರ ಕೆಳಗೆ ಆಹಾರ, ಪೋಷಣೆ, ಓಡಾಟ, ನೋಡಿಕೊಂಡವರ ಖರ್ಚು ಎಂದು ಇನ್ನೊಂದು ಸಾಲು. ಪಥ್ಯ ಅಲ್ಲೇ ಕುಳಿತಿದೆ, ಒಂಬತ್ತು ನೂರು ವರ್ಷ ಕಳೆದರೂ ಜಾಗ ಬಿಟ್ಟಿಲ್ಲ!

ಹಿಗ್ಗು ಇಲ್ಲಿಗೇ ನಿಲ್ಲಬೇಕು. ಅದೇ ಪ್ರಕರಣದಲ್ಲಿ ಹೊಡೆದವನ ಜಾತಿ, ಹೊಡೆಸಿಕೊಂಡವನ ಜಾತಿ ನೋಡಿ ದಂಡ ಏರುತ್ತದೆ, ಇಳಿಯುತ್ತದೆ. ಬ್ರಾಹ್ಮಣನನ್ನು ನೋಯಿಸಿದ ಅಬ್ರಾಹ್ಮಣನ ಅಂಗವನ್ನೇ ಕತ್ತರಿಸಬೇಕೆನ್ನುತ್ತದೆ. ಬ್ಯಾಬಿಲೋನಿನ ಹಮ್ಮುರಬಿಯದೂ ಇದೇ ಕಥೆ: ಕುಲೀನನ ಕಣ್ಣು ಕಿತ್ತರೆ ಕಿತ್ತವನ ಕಣ್ಣು, ಸಾಮಾನ್ಯನ ಕಣ್ಣಿಗೆ ಒಂದು ಮಿನಾ ಬೆಳ್ಳಿ, ಗುಲಾಮನದಾದರೆ ಆತನ ಬೆಲೆಯ ಅರ್ಧ. ಮೈಯಲ್ಲಿ ಹರಿಯುವ ರಕ್ತ ಒಂದೇ ಎಂದು ಕಲ್ಯಾಣದ ಬೀದಿಯಲ್ಲೇ ಶರಣರು ಕೂಗಿ ಹೇಳುವುದಕ್ಕೆ ವಿಜ್ಞಾನೇಶ್ವರನಿಂದ ಇನ್ನೂ ಕೆಲವು ದಶಕ ಬೇಕಾಯಿತು.

ನೆತ್ತರಿಗೆ ಪ್ರತಿಯಾಗಿ ನೆಲ ಕೊಡುವ ಪದ್ಧತಿಯೂ ಕನ್ನಡ ನಾಡಿನಲ್ಲಿತ್ತು. ಊರಿಗಾಗಿ, ದನಕ್ಕಾಗಿ, ಒಡೆಯನಿಗಾಗಿ ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಯನ್ನು ಶಾಸನಗಳು ನೆತ್ತರುಗೊಡಗೆ ಎನ್ನುತ್ತವೆ. ಇಲ್ಲಿ ಒಂದು ನಾಯಿಯ ಕಥೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ದೊರೆ ಮೂರನೇ ಕೃಷ್ಣ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಪರವಾಗಿ ಕಾದಿದ ಗಂಗರ ಬೂತುಗನ ಸೇವಕ ಮಣಲೇರ. ಒಡೆಯ ಮೆಚ್ಚಿ ಏನು ಬೇಕು ಕೇಳು ಎಂದಾಗ ಮಣಲೇರ ಆತನ ಬೇಟೆನಾಯಿ ಕಾಳಿಯನ್ನು ಕೇಳಿದ! ಆ ಕಾಳಿ ಮುಂದೆ ಹಂದಿಯೊಂದರ ಜೊತೆ ಕಾದು, ಅದನ್ನು ಕೊಂದು, ತಾನೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿದರು, ಕಲ್ಲಿಗೆ ಗದ್ದೆ ಬಿಟ್ಟರು, ಪೂಜೆ ಮಾಡದೆ ಉಂಡವನಿಗೆ ನಾಯಿಯ ಪಾಪ ತಟ್ಟಲಿ ಎಂದು ಕೊರೆದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಂತಿದ್ದ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೇ ಶತಮಾನದಲ್ಲಿ ಒಂದು ನಾಯಿಯ ಸಾವಿಗೆ ದಾಖಲೆಯಿದೆ, ನೀರಾವರಿ ಭೂಮಿಯಿದೆ. ಇಪ್ಪತ್ತೊಂದನೇ ಶತಮಾನದಲ್ಲಿ ಎಷ್ಟೋ ಹಮಾಲರಿಗೆ ಹಾಜರಿ ಪುಸ್ತಕದಲ್ಲಿ ಹೆಸರೂ ಇರುವುದಿಲ್ಲ.

ಹಾಗಾದರೆ ಜಾತಿಯ ಜಾಗಕ್ಕೆ ಈಗ ಏನು ಬಂದಿದೆ? ಪಗಾರ! ಬನ್ನಿ, ಲೆಕ್ಕ ಹಾಕೋಣ.

ಮಿಲ್ಲಿನ ಕೆಲಸಗಾರನೊಬ್ಬನಿಗೆ 30 ವರ್ಷ, ತಿಂಗಳಿಗೆ 15,000 ರೂಪಾಯಿ ಪಗಾರ ಎಂದಿಟ್ಟುಕೊಳ್ಳಿ. 15,000ಕ್ಕಿಂತ ಹೆಚ್ಚು ದುಡಿದರೂ ಲೆಕ್ಕಕ್ಕೆ ಅಷ್ಟೇ ಎಂದು 2020ರ ಜನವರಿಯಲ್ಲಿ ಮಿತಿ ಹಾಕಿದ್ದಾರೆ. ಅದಕ್ಕೂ ಮೊದಲು ಆ ಮಿತಿ 8,000 ಇತ್ತು. ವಯಸ್ಸಿಗೆ ತಕ್ಕ ಗುಣಕವೊಂದನ್ನು ಕಾಯ್ದೆಯೇ ಕೊಡುತ್ತದೆ. ಹದಿನಾರರ ಹುಡುಗನಿಗೆ 228.54, ಮೂವತ್ತಕ್ಕೆ 207.98, ಐವತ್ತಕ್ಕೆ 153.09, ಅರವತ್ತೈದು ದಾಟಿದವರಿಗೆ 99.37. ಮನುಷ್ಯನ ಮುಂದಿನ ದುಡಿಮೆಯನ್ನೆಲ್ಲ ತಿಂಗಳುಗಳಾಗಿ ಒಡೆದು, ದಶಮಾಂಶ ಹಾಕಿ ಕಟ್ಟಿಟ್ಟ ಸಂಖ್ಯೆಗಳು. ಕೆಲಸಕ್ಕೇ ಬಾರದಂತೆ ಪೂರ್ತಿ ಅಂಗವಿಕಲನಾದರೆ ಪಗಾರದ ನೂರಕ್ಕೆ 60, ಅಂದರೆ 9,000ವನ್ನು 207.98ರಿಂದ ಗುಣಿಸಿ: 18,71,820 ರೂಪಾಯಿ. ಸತ್ತರೆ? ಪಗಾರದ ಅರ್ಧ, 7,500ವನ್ನು ಅದೇ ಗುಣಕದಿಂದ ಗುಣಿಸಿ: 15,59,850.

ಇನ್ನೊಮ್ಮೆ ನೋಡಿ. ಸತ್ತವನಿಗಿಂತ ಉಳಿದವನಿಗೆ ಮೂರು ಲಕ್ಷ ಹೆಚ್ಚು! ಮೊದಲು ನೋಡಿದಾಗ ಅಚ್ಚಿನ ತಪ್ಪಿರಬೇಕು ಅನ್ನಿಸುತ್ತದೆ. ಹಾಗೇನಿಲ್ಲ. ಬದುಕಿದವನ ಹೊಟ್ಟೆಯನ್ನೂ ತುಂಬಿಸಬೇಕಲ್ಲ, ಕಾಯ್ದೆ ಅದನ್ನೂ ಎಣಿಸಿದೆ.

ಇದೇ ಲೆಕ್ಕದಲ್ಲಿ ಆತನ ಹೆಬ್ಬೆರಳು 5,61,546 ರೂಪಾಯಿ. ತೋರುಬೆರಳು 2,62,054 ರೂಪಾಯಿ 80 ಪೈಸೆ. ಪೈಸೆಯನ್ನೂ ಬಿಟ್ಟಿಲ್ಲ ನೋಡಿ! ಕಿರುಬೆರಳಿನ ತುದಿ 37,436 ರೂಪಾಯಿ 40 ಪೈಸೆ.

ಈಗ ಇದೇ ಮನುಷ್ಯ ಪಾಳಿ ಮುಗಿಸಿ ಗೇಟು ದಾಟಿ ಹುಮನಾಬಾದ್ ರಸ್ತೆಗೆ ಕಾಲಿಟ್ಟ ಎನ್ನಿ. ಲಾರಿ ಹಾಯಿತು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಗೇಟಿನಾಚೆ ಬೇರೆ ಕಾಯ್ದೆಯೂ ಇದೆ, ಮೋಟಾರು ವಾಹನ ಕಾಯ್ದೆ. ಅಲ್ಲಿ 15,000ಕ್ಕೆ ಮುಂದೆ ಪಗಾರ ಏರಬಹುದಿತ್ತು ಎಂದು ನೂರಕ್ಕೆ 40 ಸೇರಿಸುತ್ತಾರೆ: 21,000. ತನ್ನ ಸ್ವಂತ ಖರ್ಚಿಗೆ ಅವನು ಉಳಿಸಿಕೊಳ್ಳುತ್ತಿದ್ದ ಕಾಲುಭಾಗ ಕಳೆದರೆ 15,750. ವರ್ಷಕ್ಕೆ 1,89,000. ಮೂವತ್ತರ ವಯಸ್ಸಿನ ಗುಣಕ 17. ಒಟ್ಟು 32,13,000 ರೂಪಾಯಿ! ಇದರ ಮೇಲೆ ಅಂತ್ಯಕ್ರಿಯೆಗೆ, ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಸಾಂಗತ್ಯಕ್ಕೆ ಬೇರೆ.

ಗೇಟಿನ ಒಳಗೆ ಹದಿನೈದೂವರೆ ಲಕ್ಷ, ಹೊರಗೆ ಮೂವತ್ತೆರಡು ಲಕ್ಷ! ಅದೇ ಮನುಷ್ಯ, ಅದೇ ಪಗಾರ, ಅದೇ ಸಂಜೆ. ಒಳಗೆ ಒಂದು ಅನುಕೂಲವಿದೆ, ಯಾರ ತಪ್ಪೆಂದು ಸಾಬೀತು ಮಾಡಬೇಕಾಗಿಲ್ಲ. ಕೆಲಸದ ವೇಳೆಯಲ್ಲಿ ಕೆಲಸದಿಂದಲೇ ಆದದ್ದೆಂದು ತೋರಿಸಿದರೆ ಸಾಕು. ಹೊರಗೆ ಚಾಲಕನ ಅಜಾಗರೂಕತೆಯನ್ನು ತೋರಿಸಬೇಕು. ಕೆಲಸದ ಮೇಲೆಯೇ ವಾಹನ ಅಪಘಾತವಾಗಿ ಎರಡೂ ಕಾಯ್ದೆ ಅನ್ವಯಿಸಿದರೆ ಒಂದನ್ನು ಆರಿಸಿಕೊಳ್ಳಬಹುದು, ಎರಡೂ ಕಡೆ ಕೇಳುವಂತಿಲ್ಲ. ಇನ್ನು ಮಿಲ್ಲು ಇಎಸ್‌ಐ ವ್ಯಾಪ್ತಿಯಲ್ಲಿದ್ದು ಪಗಾರ 21,000ದ ಒಳಗಿದ್ದರೆ ಒಳಗಿನ ಅಪಘಾತಕ್ಕೆ ಇಡಿಗಂಟು ಇಲ್ಲ, ತಿಂಗಳು ತಿಂಗಳು ಪಿಂಚಣಿ. ಸೇಡಂ ರಸ್ತೆಯ ದೊಡ್ಡ ಇಎಸ್‌ಐ ಆಸ್ಪತ್ರೆ ಇದೇ ವ್ಯವಸ್ಥೆಯದು.

ಗೇಟಿನಾಚೆಯ ಆ 17 ಎಲ್ಲಿಂದ ಬಂತು? ಇದು ಇನ್ನೊಂದು ಸೋಜಿಗ. ಒಂದು ಕಾಲಕ್ಕೆ ಒಂದೊಂದು ಕೋರ್ಟು ಒಂದೊಂದು ಗುಣಕ ಹಾಕುತ್ತಿತ್ತು. 2009ರ ಏಪ್ರಿಲ್ 15ರಂದು ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಒಂದೇ ಕೋಷ್ಟಕ ಕೊಟ್ಟಿತು: ಇಪ್ಪತ್ತೈದರವರೆಗೆ 18, ಅಲ್ಲಿಂದ ಇಳಿಯುತ್ತ ಅರವತ್ತೈದು ದಾಟಿದವರಿಗೆ 5. ಆ ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದವರು. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಸಂವಿಧಾನ ಪೀಠ ಆ ಕೋಷ್ಟಕಕ್ಕೆ ಮುದ್ರೆ ಒತ್ತಿತು, ಮುಂದಿನ ಏಳಿಗೆಗೆ ಸೇರಿಸುವ ನೂರಕ್ಕೆ ನಲವತ್ತನ್ನು ಸ್ವಂತ ದುಡಿಮೆಯ, ಖಾಸಗಿ ಕೆಲಸದ ಜನರಿಗೂ ಕೊಟ್ಟಿತು. ಮರತೂರಿನ ವಿಜ್ಞಾನೇಶ್ವರ ಒಂದು ಕಡೆ, ಬೆಂಗಳೂರಿನ ಹೈಕೋರ್ಟಿನಿಂದ ದಿಲ್ಲಿಗೆ ಹೋದ ರವೀಂದ್ರನ್ ಇನ್ನೊಂದು ಕಡೆ. ಗಾಯಕ್ಕೆ ಲೆಕ್ಕ ಬರೆಯುವುದರಲ್ಲಿ ಕನ್ನಡ ನಾಡಿನ ಕೈ ಸಣ್ಣದಲ್ಲ.

ಅದೇ ನ್ಯಾಯಮೂರ್ತಿಗಳು 2010ರಲ್ಲಿ ಬರೆದ ಇನ್ನೊಂದು ತೀರ್ಪಿನಲ್ಲಿ ಒಂದು ಪ್ರಶ್ನೆ ಇದೆ: ಹೋದ ಕೈ ಏನು ಕೆಲಸ ಮಾಡುತ್ತಿತ್ತು? ಎಡಗೈ ಹೋದ ಚಾಲಕನಿಗೂ ಬಡಗಿಗೂ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಎಡಗೈ ಹೋದ ಸರಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಗಾಯ ಒಂದೇ ಇದ್ದರೂ ನಷ್ಟ ಬೇರೆ. 1975ರಷ್ಟು ಹಿಂದೆಯೇ ಎಡಗೈ ಕಳೆದುಕೊಂಡ ಬಡಗಿಯೊಬ್ಬನಿಗೆ ಅನುಸೂಚಿಯ ಪರ್ಸೆಂಟು ಬದಿಗಿಟ್ಟು ನೂರಕ್ಕೆ ನೂರು ಎಂದಿತ್ತು ಸುಪ್ರೀಂ ಕೋರ್ಟು. ಆ ಲೆಕ್ಕದಲ್ಲಿ ಏಕಲವ್ಯನ ಹೆಬ್ಬೆರಳಿಗೆ ಮೂವತ್ತು ಸಾಲದು. ಬಿಲ್ಲುಗಾರನಿಗೆ ನೂರೇ ಆಗಬೇಕು, ದ್ರೋಣನ ಮೇಲೆ ದಾವೆ ಹೂಡುವವರಿದ್ದರೆ!

ನೆಲದ ಮೇಲಿನ ದೃಶ್ಯ ಇಷ್ಟು ಉದಾರವಲ್ಲ. ಸಾಕ್ಷಿಕಟ್ಟೆಗೆ ಬಂದ ಎಲುಬಿನ ಡಾಕ್ಟರು ಎಕ್ಸರೇ ಎತ್ತಿ ಹಿಡಿದು ಬಲಗಾಲಿಗೆ 36 ಪರ್ಸೆಂಟ್ ಊನ ಎನ್ನುತ್ತಾರೆ. ಇನ್ಶೂರೆನ್ಸ್ ವಕೀಲರು ಎದ್ದು, ಒಂದು ಕಾಲಿನದಲ್ಲವೇ, ಇಡೀ ದೇಹಕ್ಕೆಷ್ಟು ಎನ್ನುತ್ತಾರೆ. ನಮ್ಮ ರಾಜ್ಯದ ಕೋರ್ಟುಗಳಲ್ಲಿ ರೂಢಿಯಾದ ಸೂತ್ರ ಮೂರರಲ್ಲಿ ಒಂದು ಭಾಗ. ಮೂವತ್ತಾರು ಒಂದೇ ಮಾತಿಗೆ ಹನ್ನೆರಡಾಗುತ್ತದೆ. ಬೆನ್ನ ಮೇಲೆ ಮೂಟೆ ಹೊತ್ತು ಹಲಗೆ ಏರುವ ಹಮಾಲನಿಗೆ ಆ ಕಾಲೇ ಇಡೀ ದೇಹ ಎಂದು ಒಳ್ಳೆಯ ವಕೀಲ ವಾದಿಸದಿದ್ದರೆ ಹನ್ನೆರಡಕ್ಕೇ ಲೆಕ್ಕ ಮುಗಿಯಿತು. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಕಾಲು ಕತ್ತರಿಸಿದ ಪ್ರಕರಣದಲ್ಲಿ ಹೈಕೋರ್ಟು ನೂರಕ್ಕೆ 65 ಎಂದಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು 85ಕ್ಕೆ ಏರಿಸಿತು. ಹೀಗೆ ಏರಿಳಿಯುವ ಅಂಕಿಗಳಿಗಾಗಿಯೇ ಎಂ.ಎಫ್.ಎ. ಎಂಬ ಮೇಲ್ಮನವಿಗಳು. ಮೊದಲು ಅದಕ್ಕಾಗಿ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು. 2008ರ ಜುಲೈಯಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಕಾಯಂ ಆಯಿತು.

ಪಗಾರವೇ ಅಳತೆಯಾದರೆ ಪಗಾರವಿಲ್ಲದವರ ಗತಿ? 1994ರಲ್ಲಿ ಮೋಟಾರು ಕಾಯ್ದೆಗೆ ಸೇರಿದ ಕೋಷ್ಟಕ ಮನೆಯೊಡತಿಯ ದುಡಿಮೆಯನ್ನು ಗಂಡನ ಗಳಿಕೆಯ ಮೂರನೇ ಒಂದು ಎಂದು ಬರೆಯಿತು. ಗಂಡ ಕಲೆಕ್ಟರಾದರೆ ಹೆಂಡತಿಯ ರೊಟ್ಟಿಗೆ ಒಂದು ದರ, ಹಮಾಲನಾದರೆ ಇನ್ನೊಂದು! ಅದಕ್ಕೂ ಮೊದಲು, 1989ರ ಮಾರ್ಚ್ 3ರಂದು ಜಮ್ಶೆಡ್‌ಪುರದಲ್ಲಿ ನಡೆದ ಬೆಂಕಿ ಅನಾಹುತದ ಪ್ರಕರಣ ಇತ್ಯರ್ಥವಾಗುವ ಹೊತ್ತಿಗೆ 2001 ಆಗಿತ್ತು. ಅದರಲ್ಲಿ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಕಟ್ಟಿದರು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಜನಗಣತಿ ಪುಸ್ತಕವನ್ನೇ ಮುಂದಿಟ್ಟರು. 2011ರಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದ ಹೆಂಗಸರು ಹತ್ತಿರಹತ್ತಿರ 16 ಕೋಟಿ, ಗಂಡಸರು 58 ಲಕ್ಷ. ಈ ದುಡಿಮೆಗೆ ಕಾಲ್ಪನಿಕ ಆದಾಯ ಕಟ್ಟಿಕೊಡುವುದು ಕೃಪೆಯಲ್ಲ, ಸಂವಿಧಾನದ ಸಮಾನತೆಯ ಭಾಗ ಎಂಬುದು ಅವರ ಮಾತಿನ ಸಾರ. ದಾಲ್ ಮಿಲ್ಲಿನ ಅಂಗಳದಲ್ಲಿ ಬೇಳೆ ಒಣಹಾಕುವ ಹೆಂಗಸರಿಗೆ ಎರಡೂ ದುಡಿಮೆ: ಹಗಲಿನದಕ್ಕೆ ಚೀಟಿ ಸಿಗುವುದು ಅಪರೂಪ, ಮನೆಯದಕ್ಕೆ ಚೀಟಿಯೇ ಇಲ್ಲ.

ಸಾವಿನ ದರ ಸಾಯುವ ರೀತಿಯ ಮೇಲೂ ನಿಂತಿದೆ. ಗುದ್ದಿದ ವಾಹನ ಸಿಗದೆ ಓಡಿಹೋದರೆ ಸರಕಾರದ ಯೋಜನೆಯಲ್ಲಿ 2 ಲಕ್ಷ. 2022ರ ಏಪ್ರಿಲ್‌ವರೆಗೆ ಅದೂ ಇರಲಿಲ್ಲ, ಬರೀ 25,000 ಇತ್ತು. ಪ್ರಕೃತಿ ವಿಕೋಪಕ್ಕೆ ವಿಪತ್ತು ನಿಧಿಯ ಮಾನದಂಡದಲ್ಲಿ 4 ಲಕ್ಷ. ಒಳಚರಂಡಿಯಲ್ಲಿ ಉಸಿರುಗಟ್ಟಿದವರ ಮನೆಯವರಿಗೆ 10 ಲಕ್ಷವಿದ್ದುದನ್ನು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು 30 ಲಕ್ಷಕ್ಕೆ ಏರಿಸಿತು. 2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ದುಬೈ ವಿಮಾನ ಕಂದಕಕ್ಕೆ ಉರುಳಿ 158 ಜನ ಸತ್ತರು. ಅದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬಕ್ಕೆ ಹತ್ತು ವರ್ಷದ ಮೇಲೆ ಸುಪ್ರೀಂ ಕೋರ್ಟಿನಿಂದ ಬಂದ ಮೊತ್ತ 7.64 ಕೋಟಿ. ಒಂದೇ ವಿಮಾನ, ಒಂದೇ ಬೆಂಕಿ, ಪಗಾರ ಮಾತ್ರ ಬೇರೆ ಬೇರೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬಗಳಿಗೆ ಎರಡೂವರೆ ಲಕ್ಷ ಡಾಲರಿನಿಂದ 71 ಲಕ್ಷ ಡಾಲರಿನವರೆಗೆ ಹಂಚಿದ ಕೆನೆತ್ ಫೈನ್‌ಬರ್ಗ್ ಎಂಬ ವಕೀಲರು, ಎಲ್ಲ ಮುಗಿದ ಮೇಲೆ, ಎಲ್ಲರಿಗೂ ಒಂದೇ ಮೊತ್ತ ಕೊಡಬೇಕಿತ್ತು ಎಂಬ ತೀರ್ಮಾನಕ್ಕೆ ಬಂದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ನಮ್ಮ ಕಾಯ್ದೆ ಇನ್ನೂ ಅಲ್ಲಿಗೆ ಬಂದಿಲ್ಲ. ಪಗಾರ ಕೇಳುತ್ತದೆ, ಪಗಾರಕ್ಕೆ ಪುರಾವೆ ಕೇಳುತ್ತದೆ. ಪುರಾವೆ ಇಲ್ಲದಿದ್ದರೆ ನ್ಯಾಯಾಧೀಶರು ಅಪಘಾತವಾದ ವರ್ಷಕ್ಕೆ ಕಾನೂನು ಸೇವೆಗಳ ಪ್ರಾಧಿಕಾರ ಸಿದ್ಧಪಡಿಸಿದ ಕೋಷ್ಟಕ ನೋಡಿ ಒಂದು ಆದಾಯ ಊಹಿಸುತ್ತಾರೆ. ಆ ಊಹೆಯೇ ಮುಂದಿನ ಎಲ್ಲ ಗುಣಾಕಾರಕ್ಕೆ ಬುಡ.

ಆದ್ದರಿಂದ ಕಪನೂರಿನ ಮಿಲ್ಲುಗಳಲ್ಲಿ ದುಡಿಯುವ ಅಣ್ಣತಮ್ಮಂದಿರು, ಅಕ್ಕತಂಗಿಯರು ನಿಮಗೆ ಗೊತ್ತಿದ್ದರೆ ಇಷ್ಟನ್ನು ಓದಿ ಹೇಳಿ. ಪಗಾರ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ, ಹಾಜರಿ ಪುಸ್ತಕದಲ್ಲಿ ಹೆಸರಿದೆಯೇ ನೋಡಿಕೊಳ್ಳಿ, ಇಎಸ್‌ಐ ನಂಬರು ಕೇಳಿ ಪಡೆಯಿರಿ. ಮಿಲ್ಲಿನೊಳಗಿನ ಅಪಘಾತಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ರಸ್ತೆ ಅಪಘಾತಕ್ಕೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು. ಆ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದೆ, ಆದರೂ ಅದನ್ನು ನಂಬಿ ಕೂರಬೇಡಿ. ಕೆಲಸದಲ್ಲಿ ಸಾವಾದಾಗ ನಾಲ್ಕು ಹಿರಿಯರನ್ನು ಕೂಡಿಸಿ, ಕೈಗೊಂದಿಷ್ಟು ನೋಟು ಕೊಟ್ಟು, ಬಿಳಿಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ರಾಜಿ ಆಯಿತು ಎನ್ನುವವರಿದ್ದಾರೆ. ಆ ರಾಜಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಸಾವಿನ ಪರಿಹಾರವನ್ನು ಮಾಲೀಕ ಪರಿಹಾರ ನಿರ್ಧರಿಸುವ ಅಧಿಕಾರಿಯ ಬಳಿ ಠೇವಣಿ ಇಡಲೇಬೇಕು. ಮನೆಯವರ ಕೈಗೆ ನೇರ ಕೊಟ್ಟದ್ದನ್ನು ಕಾಯ್ದೆ ಪರಿಹಾರವೆಂದು ಎಣಿಸುವುದಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೆಟ್ಟಿಲು ಹತ್ತಿ. ಕಾರ್ಮಿಕರಿಗೂ ಹೆಂಗಸರಿಗೂ ಅಲ್ಲಿ ವಕೀಲರು ಪುಕ್ಕಟೆ.